ಡಿಕೇಟರ್: 15 ವರ್ಷ ಊರಿಗೆ ಹೋಗದ ಡಿಸ್ಟ್ರಾಯರ್

ಪ್ರಶ್ನೆ: ಅಮೆರಿಕದ ಹಳೇ ಡಿಸ್ಟ್ರಾಯರ್ ಯುಎಸ್‌ಎಸ್ ಡಿಕೇಟರ್‌ನ ಮಾದರಿಯನ್ನು ಮನೆಯಲ್ಲಿ ಮಾಡುತ್ತಿದ್ದೇನೆ. ಅದರ ಬಗ್ಗೆ ಎಲ್ಲಿ ಓದಿದರೂ ಅಡ್ಮಿರಲ್ ನಿಮಿಟ್ಸ್ ಕೆಸರಿಗೆ ಹತ್ತಿಸಿದ ಹಡಗು ಅಂತ ಒಂದೇ ಮಾತು. ಅದು ನಿಜವಾಗಿ ಎಲ್ಲೆಲ್ಲಿ ಕೆಲಸ ಮಾಡಿತು? ಯುದ್ಧ ನೋಡಿತಾ? ಅಮೆರಿಕದ ಮೊದಲ ಡಿಸ್ಟ್ರಾಯರ್ ಇದಾ, ಬೇನ್‌ಬ್ರಿಡ್ಜಾ? ಮಾದರಿಯ ಮೂತಿ ಮೇಲೆ ‘ಡಿಡಿ-5’ ಅಂತ ಬರೆಯಬಹುದಾ?

ಉತ್ತರ: ಬಣ್ಣದ ಡಬ್ಬಿ ತೆಗೆಯುವ ಮುಂಚೆ ಕೇಳಿದಿರಲ್ಲ, ಒಳ್ಳೆಯದಾಯಿತು. ಆ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ‘ಮೊದಲನೆಯದು ಯಾವುದು’ ಅನ್ನುವ ತಕರಾರು ಮುಗಿಸೋಣ.

ಪಟ್ಟಿಯಲ್ಲಿ ನಂಬರ್ 1 ಬೇನ್‌ಬ್ರಿಡ್ಜ್. ಡಿಕೇಟರ್ ನಂಬರ್ 5. ಆದರೆ ಬೇನ್‌ಬ್ರಿಡ್ಜ್ ಸೇವೆಗೆ ಸೇರಿದ್ದು 1902ರ ನವೆಂಬರ್ 24ರಂದು. ಡಿಕೇಟರ್ ಅದೇ ವರ್ಷ ಮೇ 19ಕ್ಕೇ ಸೇರಿಯಾಗಿತ್ತು. ನೀರಿಗಿಳಿದದ್ದೂ ಮೊದಲೇ: ಡಿಕೇಟರ್ 1900ರ ಸೆಪ್ಟೆಂಬರ್‌ನಲ್ಲಿ, ಬೇನ್‌ಬ್ರಿಡ್ಜ್ 1901ರ ಆಗಸ್ಟ್‌ನಲ್ಲಿ. ಹಾಜರಿ ಪುಸ್ತಕದಲ್ಲಿ ಐದನೇ ಹೆಸರಿನವನು ಎಲ್ಲರಿಗಿಂತ ಮುಂಚೆ ಕ್ಲಾಸಿಗೆ ಬಂದು ಕೂತ ಹಾಗೆ. ನನ್ನನ್ನು ಕೇಳಿದರೆ ಅಮೆರಿಕದಲ್ಲಿ ಮೊದಲು ಕೆಲಸಕ್ಕಿಳಿದ ಡಿಸ್ಟ್ರಾಯರ್ ಡಿಕೇಟರೇ.

ಈ ಹಡಗುಗಳು ಹುಟ್ಟಿದ್ದು ಒಂದು ಹೆದರಿಕೆಯಿಂದ. 19ನೇ ಶತಮಾನದ ಕೊನೆಗೆ ಟಾರ್ಪಿಡೊ ಬೋಟ್ ಎಂಬ ಸಣ್ಣ, ಅಗ್ಗದ ದೋಣಿ ಬಂತು. ಕತ್ತಲಲ್ಲಿ ಹತ್ತಿರ ನುಗ್ಗಿ ಒಂದು ಟಾರ್ಪಿಡೊ ಬಿಟ್ಟರೆ ದೊಡ್ಡ ಯುದ್ಧನೌಕೆಯನ್ನೇ ಕೆಡವಬಹುದಿತ್ತು. ಅದನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಲು ಇನ್ನೂ ವೇಗದ, ಸ್ವಲ್ಪ ದೊಡ್ಡ ಹಡಗು ಬೇಕಾಯಿತು. ಅದಕ್ಕೆ ಇಟ್ಟ ಹೆಸರು ‘ಟಾರ್ಪಿಡೊ ಬೋಟ್ ಡಿಸ್ಟ್ರಾಯರ್’. ಆಮೇಲೆ ಮುಂದಿನ ಎರಡು ಪದ ಉದುರಿ ಬರೀ ಡಿಸ್ಟ್ರಾಯರ್ ಉಳಿಯಿತು. 1898ರ ಏಪ್ರಿಲ್‌ನಲ್ಲಿ ಅಮೆರಿಕ ಸ್ಪೇನ್ ಜೊತೆ ಯುದ್ಧಕ್ಕೆ ಇಳಿದಾಗ ಸ್ಪೇನ್ ಬಳಿ ಇಂಥ ಹಡಗುಗಳಿದ್ದವು, ಅಮೆರಿಕದ ಬಳಿ ಒಂದೂ ಇರಲಿಲ್ಲ. ಮೇ 4ರಂದು ಅಮೆರಿಕದ ಸಂಸತ್ತು 16 ಡಿಸ್ಟ್ರಾಯರ್ ಕಟ್ಟಲು ಒಪ್ಪಿಗೆ ಕೊಟ್ಟಿತು. ತಮಾಷೆ ಏನೆಂದರೆ, ಅಷ್ಟು ಹೆದರಿಸಿದ ಸ್ಪೇನಿನ ಫುರೋರ್ ಮತ್ತು ಪ್ಲುಟಾನ್ ಎರಡೂ ಜುಲೈ 3ಕ್ಕೆ ಸ್ಯಾಂಟಿಯಾಗೊ ಬಂದರಿನ ಹೊರಗೆ ನಾಶವಾದವು. ಅವುಗಳ ಮೇಲೆ ಏರಿಹೋದದ್ದು ಗ್ಲಾಸ್ಟರ್ ಎಂಬ ಹಡಗು. ಅದು ಮೊದಲು ಶ್ರೀಮಂತ ಬ್ಯಾಂಕರ್ ಜೆ.ಪಿ. ಮಾರ್ಗನ್ ಅವರ ಮೋಜಿನ ವಿಹಾರ ನೌಕೆಯಾಗಿತ್ತು! ಅಲ್ಲಿಗೆ ಹೆದರಿಕೆ ಮುಗಿಯಿತು. ಆದರೆ ಆರ್ಡರ್ ಕೊಟ್ಟಾಗಿತ್ತಲ್ಲ, ಹಡಗುಗಳು ಬಂದವು.

ಡಿಕೇಟರ್ ಕಟ್ಟಿದ್ದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ, ವಿಲಿಯಂ ಟ್ರಿಗ್ ಕಂಪನಿ. ರಿಚ್ಮಂಡ್ ಸಮುದ್ರದ ಊರಲ್ಲ. ಜೇಮ್ಸ್ ನದಿಯ ದಂಡೆಯಲ್ಲಿ, ಒಳನಾಡಿನಲ್ಲಿದೆ. ಅಲ್ಲಿಂದ ಹಡಗು ನದಿಯಲ್ಲೇ ಇಳಿದು ಕಡಲು ಸೇರಬೇಕು.

ಈಗ ಮಾದರಿ ಮಾಡುವ ನಿಮಗೆ ಬೇಕಾದ ಅಳತೆ. ಉದ್ದ 250 ಅಡಿ, ಅಂದರೆ ಸುಮಾರು 76 ಮೀಟರ್. ಅಗಲ 7 ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ತೂಕ 420 ಟನ್. ಕಾರವಾರದ ಕಡಲತೀರದಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಕ್ಷಿಪಣಿ ದೋಣಿಯನ್ನು ನೋಡಿದ್ದೀರಾ? ಅದರ ಉದ್ದ 39 ಮೀಟರ್ ಹತ್ತಿರ, ಅಗಲ ಏಳೂವರೆ ಮೀಟರ್. ಅಂಥ ಎರಡು ಚಪಲ್‌ಗಳನ್ನು ಹಿಂದೆ ಮುಂದೆ ಜೋಡಿಸಿ, ಅಗಲವನ್ನು ಒಂದಿಷ್ಟು ಕೆತ್ತಿದರೆ ಡಿಕೇಟರ್ ಅಳತೆ ಸಿಗುತ್ತದೆ. ಪೆನ್ಸಿಲ್ ಥರದ ಹಡಗು. ಅಲೆ ಪಕ್ಕದಿಂದ ಬಂದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. ನಮ್ಮ ನೌಕಾಪಡೆಯ ಐಎನ್‌ಎಸ್ ಮೈಸೂರು ಕೂಡ ಡಿಸ್ಟ್ರಾಯರೇ, ಅದು ಆರು ಸಾವಿರ ಟನ್ನಿಗಿಂತ ಹೆಚ್ಚು. ಹೆಸರು ಒಂದೇ ಆದರೂ ಜಾತಿ ಬೇರೆ ಅನ್ನಬೇಕು.

ನಾಲ್ಕು ಹೊಗೆ ಕೊಳವೆ, ನಾಲ್ಕು ಥಾರ್ನಿಕ್ರಾಫ್ಟ್ ಬಾಯ್ಲರ್, ಎರಡು ಟ್ರಿಪಲ್ ಎಕ್ಸ್‌ಪಾನ್ಶನ್ ಎಂಜಿನ್, ಒಟ್ಟು 8,000 ಅಶ್ವಶಕ್ತಿ. ನಾನು ಎಂಜಿನ್ ರೂಮಿನಲ್ಲಿ ಕೂದಲು ಹಣ್ಣು ಮಾಡಿಕೊಂಡವನು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕಬ್ಬಿನ ಜಲ್ಲೆಯನ್ನು ಗಾಣಕ್ಕೆ ಒಂದು ಸಲ ಕೊಟ್ಟು ಬಿಡುವುದಿಲ್ಲ, ಮಡಚಿ ಮತ್ತೆ ಮತ್ತೆ ಹಿಂಡುತ್ತಾರೆ. ಈ ಎಂಜಿನ್ ಮಾಡುವುದೂ ಅದನ್ನೇ. ಒಂದೇ ಹಬೆಯನ್ನು ಮೂರು ಹಂತದಲ್ಲಿ ಹಿಂಡುತ್ತದೆ. ಒತ್ತಡ ಇಳಿದ ಹಾಗೆ ಸಿಲಿಂಡರ್ ದೊಡ್ಡದಾಗುತ್ತಾ ಹೋಗುತ್ತದೆ. ಓಡುವುದೇನೋ 28 ನಾಟ್, ಅಂದರೆ ಗಂಟೆಗೆ ಸುಮಾರು 52 ಕಿಲೋಮೀಟರ್. ಆದರೆ ಭಾರದ ಪಿಸ್ಟನ್‌ಗಳು ಆ ವೇಗದಲ್ಲಿ ಮೇಲೆ ಕೆಳಗೆ ಬಡಿಯುವಾಗ ತೆಳು ತಗಡಿನ ಇಡೀ ಹಡಗು ನಡುಗುತ್ತದೆ. ಉರುವಲು ಕಲ್ಲಿದ್ದಲು. ಬಂದರಿನಲ್ಲಿ ಅದನ್ನು ತುಂಬಿಸುವ ದಿನ ಇಡೀ ಹಡಗಿಗೆ, ಊಟದ ತಟ್ಟೆಯವರೆಗೂ, ಕರಿ ಪುಡಿ. ಕಡಲಲ್ಲಿ ಹಗಲು ರಾತ್ರಿ ಸಲಿಕೆ ಹಿಡಿದು ಒಲೆಗೆ ಸುರಿಯಬೇಕು. ಮೇಲೆ ಎರಡು 3 ಇಂಚಿನ ತೋಪು, ಐದು ಸಣ್ಣ ತೋಪು, ಎರಡು ಟಾರ್ಪಿಡೊ ಕೊಳವೆ. ಜನ ಸುಮಾರು 75.

ಇದನ್ನು ಕಟ್ಟಿದ್ದು ದೊಡ್ಡ ಯುದ್ಧನೌಕೆಗಳನ್ನು ಕಾಯಲು. ಅಟ್ಲಾಂಟಿಕ್ ದಂಡೆಯಲ್ಲಿ, ಬಂದರು ಹತ್ತಿರ ಇರುವ ಕಡೆ, ಚಿಕ್ಕ ಓಟಗಳಿಗೆ. ಮಾಡಿಸಿದ ಕೆಲಸವೇ ಬೇರೆ. 1903ರ ಡಿಸೆಂಬರ್‌ನಲ್ಲಿ ಡಿಕೇಟರ್, ಬೇನ್‌ಬ್ರಿಡ್ಜ್, ಬ್ಯಾರಿ, ಚಾನ್ಸಿ, ಡೇಲ್ ಈ ಐದನ್ನೂ ಫಿಲಿಪ್ಪೀನ್ಸ್‌ಗೆ ಕಳಿಸಿದರು. ಸ್ಪೇನಿನಿಂದ ಕಿತ್ತುಕೊಂಡ ಆ ದ್ವೀಪಗಳನ್ನು ಕಾಯಬೇಕಿತ್ತಲ್ಲ. ಪನಾಮಾ ಕಾಲುವೆ ಆಗ ಇರಲಿಲ್ಲ. ಹಾಗಾಗಿ ಪೋರ್ಟೊ ರಿಕೊ, ಕೆನರಿ ದ್ವೀಪ, ಮೆಡಿಟರೇನಿಯನ್, ಸೂಯೆಜ್, ಅಲ್ಲಿಂದ ನಮ್ಮ ಹಿಂದೂ ಮಹಾಸಾಗರ. ಅರ್ಧ ಭೂಮಿ ಸುತ್ತುವ ದಾರಿ. ಗುಂಪಿನ ಮುಖ್ಯಸ್ಥ ಲೆಫ್ಟಿನೆಂಟ್ ಲಾಯ್ಡ್ ಚಾಂಡ್ಲರ್. ಡಿಕೇಟರ್‌ನ ಮೊದಲ ಕ್ಯಾಪ್ಟನ್ ಕೂಡ ಅವರೇ. ಬಫಲೊ ಎಂಬ ದೊಡ್ಡ ಹಡಗು ಜೊತೆಗೆ ಬಂತು, ಕೋಳಿ ತನ್ನ ಮರಿಗಳನ್ನು ಕರೆದುಕೊಂಡು ಹೋದ ಹಾಗೆ. 1904ರ ಏಪ್ರಿಲ್ 14ಕ್ಕೆ ಮನಿಲಾ ಕೊಲ್ಲಿಯ ಕವೀಟೆ ತಲುಪಿದರು. ಐದೂ ತಲುಪಿದವು. ಇಷ್ಟು ಚಿಕ್ಕ ಹಡಗು ಸಾಗರ ದಾಟುತ್ತದೆ ಅಂತ ತೋರಿಸಿಕೊಟ್ಟದ್ದೇ ಈ ಹಡಗಿನ ಮೊದಲ ದೊಡ್ಡ ಸೇವೆ ಅಂತ ನನ್ನ ಲೆಕ್ಕ.

ಇವು ದಾರಿಯಲ್ಲಿದ್ದಾಗಲೇ, ಫೆಬ್ರವರಿಯಲ್ಲಿ, ಜಪಾನಿನ ಡಿಸ್ಟ್ರಾಯರ್‌ಗಳು ಚೀನಾ ತೀರದ ಪೋರ್ಟ್ ಆರ್ಥರ್‌ನಲ್ಲಿ ಲಂಗರು ಹಾಕಿದ್ದ ರಷ್ಯಾದ ನೌಕೆಗಳ ಮೇಲೆ ರಾತ್ರಿ ಟಾರ್ಪಿಡೊ ಬಿಟ್ಟು ಯುದ್ಧ ಶುರು ಮಾಡಿದವು. ಏಷ್ಯಾಕ್ಕೆ ಬಂದಿಳಿದ ಅಮೆರಿಕನ್ನರಿಗೆ ತಮ್ಮ ಕೈಯಲ್ಲಿರುವ ಹಡಗು ಏನು ಮಾಡಬಲ್ಲದು ಅನ್ನುವುದಕ್ಕೆ ಬೇರೆ ಪಾಠ ಬೇಕಿರಲಿಲ್ಲ.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡಬಹುದು. ಚಳಿಗಾಲಕ್ಕೆ ಫಿಲಿಪ್ಪೀನ್ಸ್‌ನ ದ್ವೀಪಗಳ ನಡುವೆ ಓಡಾಟ, ಬೇಸಿಗೆಗೆ ಚೀನಾದ ಬಂದರುಗಳು, ಆಗೀಗ ಜಪಾನ್. ಕವಾಯತು. 1905ರ ಕೊನೆಗೆ ಡಿಕೇಟರನ್ನು ಕವೀಟೆಯಲ್ಲಿ ಮೀಸಲಿಗೆ ಹಾಕಿದರು. ‘ಮೀಸಲು’ ಅನ್ನುವುದು ಮರ್ಯಾದೆಯ ಮಾತು. ಅಂದರೆ ಕಟ್ಟಿಹಾಕಿ, ನಾಲ್ಕು ಜನ ಕಾವಲಿಗೆ ಬಿಟ್ಟು, ತುಕ್ಕು ಹಿಡಿಯಲು ಬಿಡುವುದು. ಉಷ್ಣವಲಯದ ಉಪ್ಪು ನೀರಿನಲ್ಲಿ ಹಡಗಿನ ತಳಕ್ಕೆ ಚಿಪ್ಪು, ಪಾಚಿ ಎಷ್ಟು ಬೇಗ ಹತ್ತುತ್ತದೆ ಎಂದು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಈಗ ನಿಮಿಟ್ಸ್.

1907ರಲ್ಲಿ ಜಪಾನ್ ಜೊತೆ ಯುದ್ಧವಾಗಬಹುದು ಎಂಬ ಗಾಬರಿ ಹುಟ್ಟಿತು. ಕಟ್ಟಿಹಾಕಿದ್ದ ಹಡಗುಗಳನ್ನು ಎಬ್ಬಿಸಬೇಕಾಯಿತು, ಆದರೆ ಅಧಿಕಾರಿಗಳು ಕಡಿಮೆ. ಹಾಗಾಗಿ 22 ವರ್ಷದ ಎನ್‌ಸೈನ್ ಚೆಸ್ಟರ್ ನಿಮಿಟ್ಸ್ ಕೈಗೆ ಡಿಕೇಟರ್ ಬಂತು. ಎನ್‌ಸೈನ್ ಅಂದರೆ ನೌಕಾಪಡೆಯ ಅಧಿಕಾರಿಗಳಲ್ಲಿ ಎಲ್ಲರಿಗಿಂತ ಕೆಳಗಿನ ಮೆಟ್ಟಿಲು. ಕೈಗೆ ಬಂದ ಹಡಗು ಹೇಗಿತ್ತು ಎನ್ನುವುದಕ್ಕೆ ಅವರ ಜೀವನಚರಿತ್ರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ರಿಪೇರಿಗೆ ಫಿಲಿಪ್ಪೀನ್ಸ್‌ನದೇ ಒಲೊಂಗಾಪೊ ಬಂದರಿಗೆ ಒಯ್ಯಲು ಹೊರಟರೆ, ಹಡಗು ನಡೆಸುವವರು ನಿಲ್ಲುವ ಮೇಲಿನ ಕಟ್ಟೆಯಿಂದ (ಬ್ರಿಡ್ಜ್) ಹಿಂದಕ್ಕೆ ಅಂದಾಗ ಹಡಗು ಮುಂದಕ್ಕೆ ಹೋಯಿತಂತೆ. ಎಂಜಿನ್ ರೂಮಿಗೆ ಸೂಚನೆ ಕೊಡುವ ಟೆಲಿಗ್ರಾಫ್ ಯಂತ್ರವನ್ನು ಯಾರೋ ಉಲ್ಟಾ ಜೋಡಿಸಿಟ್ಟಿದ್ದರು. ಕೇಳಿದವರು ನಗುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ. ಆ ಯಂತ್ರದ ಕೆಳ ತುದಿಯಲ್ಲಿ ನಿಂತವನಿಗೆ ಹೊರಗೆ ಏನಿದೆ ಅಂತ ಕಾಣುವುದೇ ಇಲ್ಲ. ಮುಳ್ಳು ತೋರಿಸಿದ್ದನ್ನು ಮಾಡುತ್ತಾನೆ, ಅಷ್ಟೇ.

ಅಂತೂ ಹಡಗನ್ನು ಒಲೊಂಗಾಪೊದಲ್ಲಿದ್ದ ಡ್ಯೂಯಿ ಎಂಬ ತೇಲುವ ಡಾಕ್‌ಗೆ (ಹಡಗನ್ನು ನೀರಿನಿಂದ ಮೇಲೆತ್ತಿ ರಿಪೇರಿ ಮಾಡುವ ಕಟ್ಟೆ) ಸೇರಿಸಿ, ಸರಿಮಾಡಿಸಿ, ಒಂದು ವರ್ಷ ಓಡಿಸಿದರು. 1908ರ ಜುಲೈ 7ರ ರಾತ್ರಿ ಮನಿಲಾದ ದಕ್ಷಿಣಕ್ಕಿರುವ ಬಟಾಂಗಾಸ್ ಬಂದರಿಗೆ ಹೋಗುತ್ತಿದ್ದರು. ದಡದ ಗುರುತುಗಳನ್ನು ಸರಿಯಾಗಿ ಅಳೆದು ಜಾಗ ಗೊತ್ತುಮಾಡಿಕೊಳ್ಳಲಿಲ್ಲ, ಅಂದಾಜಿನಲ್ಲಿ ನಡೆಸಿದರು. ಸಮುದ್ರ ಉಬ್ಬರದಲ್ಲಿದೆಯೋ ಇಳಿತದಲ್ಲಿದೆಯೋ ಅಂತಲೂ ನೋಡಿಕೊಳ್ಳಲಿಲ್ಲ. ಮುಂದೆ ನಿಂತು ಹಗ್ಗ ಬಿಟ್ಟು ಆಳ ಅಳೆಯುತ್ತಿದ್ದವನು, ಸಾರ್, ನಾವು ಚಲಿಸ್ತಾನೇ ಇಲ್ಲ ಅಂದನಂತೆ. ಹಡಗು ಮೆತ್ತಗೆ ಕೆಸರಿನ ದಿಬ್ಬ ಹತ್ತಿ ಕೂತಿತ್ತು. ಹಿಂದಕ್ಕೆ ಎಳೆಯಲು ನೋಡಿದರು, ಆಗಲಿಲ್ಲ. ನಮ್ಮ ಅಳಿವೆ ಬಾಗಿಲುಗಳಲ್ಲಿ ದೋಣಿ ನಡೆಸುವವರು ಇದನ್ನು ಓದಿದರೆ ತಲೆ ಚಚ್ಚಿಕೊಳ್ಳುತ್ತಾರೆ. ಇಳಿತ ನೋಡದೆ ಅಳಿವೆಗೆ ಇಳಿಯುವವರುಂಟಾ!

ಮುಂದೆ ಅವರು ಮಾಡಿದ್ದು ನನಗೆ ತುಂಬಾ ಇಷ್ಟ. ಕೈಯಲ್ಲಿಲ್ಲದ ಸಂಗತಿಗೆ ಚಿಂತೆ ಮಾಡಬೇಡ ಅಂತ ತಾತ ಹೇಳುತ್ತಿದ್ದ ಮಾತು ಆಗ ನೆನಪಾಯಿತು ಎಂದು ನಿಮಿಟ್ಸ್ ಆಮೇಲೆ ಹೇಳಿಕೊಂಡಿದ್ದಾರೆ. ಡೆಕ್ ಮೇಲೆ ಮಂಚ ಹಾಕಿಸಿಕೊಂಡು ಮಲಗಿಬಿಟ್ಟರು. ಬೆಳಗ್ಗೆ ಒಂದು ಸಣ್ಣ ಸ್ಟೀಮರ್ ಬಂದು ಎಳೆದು ಬಿಡಿಸಿತು. ಅವರೇ ವರದಿ ಕಳಿಸಿದರು. ಮನಿಲಾದಲ್ಲಿ ಡೆನ್ವರ್ ಎಂಬ ಕ್ರೂಸರ್ ಮೇಲೆ ಕೋರ್ಟ್ ಮಾರ್ಷಲ್ ನಡೆಯಿತು. ಹೊರಿಸಿದ್ದು ಶಿಕ್ಷಾರ್ಹ ಅದಕ್ಷತೆ. ಕೊನೆಗೆ ಉಳಿದದ್ದು ಕರ್ತವ್ಯದಲ್ಲಿ ನಿರ್ಲಕ್ಷ್ಯ. ಶಿಕ್ಷೆ ಬಹಿರಂಗ ಛೀಮಾರಿ. ಒಂದೂವರೆ ವರ್ಷದಲ್ಲಿ ಅವರಿಗೆ ಬಡ್ತಿಯೂ ಸಿಕ್ಕಿತು, ನಡುವಿನ ಒಂದು ಮೆಟ್ಟಿಲು ಹಾರಿಸಿ. ಅದೇ ವ್ಯಕ್ತಿ 1945ರ ಸೆಪ್ಟೆಂಬರ್ 2ರಂದು ಟೋಕಿಯೊ ಕೊಲ್ಲಿಯಲ್ಲಿ ಜಪಾನಿನ ಶರಣಾಗತಿ ಪತ್ರಕ್ಕೆ ಅಮೆರಿಕದ ಪರವಾಗಿ ಸಹಿ ಹಾಕಿದರು. ಹಾಗಾಗಿಯೇ ಆ ಕೆಸರಿನ ಕಥೆ ಎಲ್ಲ ಕಡೆ ಉಳಿದಿರುವುದು. ಬೇರೆ ಯಾರಾದರೂ ಹತ್ತಿಸಿದ್ದರೆ ಲಾಗ್ ಪುಸ್ತಕದಲ್ಲಿ ಒಂದು ಸಾಲು ಇರುತ್ತಿತ್ತು.

ಇಲ್ಲಿ ಒಂದು ಉಪಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹಡಗಿಗೆ ಹೆಸರು ಕೊಟ್ಟ ಸ್ಟೀಫನ್ ಡಿಕೇಟರ್ ಹೀರೊ ಆದದ್ದೇ ನೆಲಕಚ್ಚಿದ ಒಂದು ಹಡಗಿನಿಂದ. 1803ರಲ್ಲಿ ಫಿಲಡೆಲ್ಫಿಯಾ ಎಂಬ ಅಮೆರಿಕದ ನೌಕೆ ಟ್ರಿಪೊಲಿ ಹತ್ತಿರ ಬಂಡೆಗೆ ಹತ್ತಿ ಶತ್ರುವಿನ ಪಾಲಾಯಿತು. 1804ರ ಫೆಬ್ರವರಿಯಲ್ಲಿ ಡಿಕೇಟರ್ ರಾತ್ರೋರಾತ್ರಿ ಬಂದರಿಗೆ ನುಗ್ಗಿ ಅದಕ್ಕೆ ಬೆಂಕಿ ಇಟ್ಟು ಬಂದ. ಮೊದಲು ಆ ನೌಕೆಯನ್ನು ಬಂಡೆಗೆ ಹತ್ತಿಸಿದ ಕ್ಯಾಪ್ಟನ್ ಯಾರು ಗೊತ್ತಾ? ವಿಲಿಯಂ ಬೇನ್‌ಬ್ರಿಡ್ಜ್. ನಂಬರ್ 1 ಡಿಸ್ಟ್ರಾಯರ್‌ಗೆ ಅವನದೇ ಹೆಸರು.

ಯುದ್ಧ ನೋಡಿತಾ ಅಂತ ಕೇಳಿದಿರಲ್ಲ. ನೋಡಿತು, ಆದರೆ ಸಿನಿಮಾದಲ್ಲಿ ಬರುವ ಥರ ಅಲ್ಲ.

1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಸೇರಿತು. ಜರ್ಮನಿಯ ಸಬ್‌ಮರೀನ್‌ಗಳು ಸರಕು ಹಡಗುಗಳನ್ನು ಮುಳುಗಿಸುತ್ತಾ ಇದ್ದವು. ಅವನ್ನು ತಡೆಯಲು ಬೇಕಾದದ್ದು ಡಿಸ್ಟ್ರಾಯರ್, ಎಷ್ಟಿದ್ದರೂ ಸಾಲದು. ಆಗ ಮನಿಲಾದ ಈ ಮುದಿ ಐದು ಹಡಗುಗಳ ನೆನಪಾಯಿತು. 15 ವರ್ಷದ ಹಳೇ ಹಡಗು. ಆಗಲೇ ಹೊಸ ಡಿಸ್ಟ್ರಾಯರ್‌ಗಳು ಸಾವಿರ ಟನ್ ದಾಟಿದ್ದವು, ಎಣ್ಣೆ ಸುಡುತ್ತಿದ್ದವು, ಟರ್ಬೈನ್ ಮೇಲೆ ಓಡುತ್ತಿದ್ದವು. ಇವು ಇನ್ನೂ ಸಲಿಕೆ, ಕಲ್ಲಿದ್ದಲು. ಆಗಸ್ಟ್ 1ಕ್ಕೆ ಹೊರಟವು. ಮುಂಗಾರಿನಲ್ಲಿ ಹಿಂದೂ ಮಹಾಸಾಗರ ದಾಟಬೇಕು. ಈಗ ನಮ್ಮ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ ಮುಗಿಯುವುದು ಜುಲೈ 31ಕ್ಕೆ. ಆಗಸ್ಟ್ ಮೊದಲ ವಾರ ಮಲ್ಪೆಯಲ್ಲೋ ಕಾರವಾರದಲ್ಲೋ ನಿಂತು ಕಡಲು ನೋಡಿದವರಿಗೆ, 7 ಮೀಟರ್ ಅಗಲದ ಹಡಗಿನಲ್ಲಿ ನಿಂತು ಸಲಿಕೆ ಎತ್ತುವುದು ಎಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಆ ಪ್ರಯಾಣದ ಮುಖ್ಯಸ್ಥ ಹೆರಾಲ್ಡ್ ಸ್ಟಾರ್ಕ್. ಮುಂದೆ 1939ರಿಂದ 1942ರವರೆಗೆ ಅಮೆರಿಕದ ನೌಕಾಪಡೆಯ ಅತ್ಯುನ್ನತ ಅಧಿಕಾರಿ ಇವರೇ. ಪರ್ಲ್ ಹಾರ್ಬರ್ ದಾಳಿ ಆದದ್ದು ಇವರ ಕಾಲದಲ್ಲಿ. ಅದರ ಬೆನ್ನಿಗೇ ಪೆಸಿಫಿಕ್ ನೌಕಾಪಡೆ ವಹಿಸಿಕೊಂಡದ್ದು ನಿಮಿಟ್ಸ್. ಇಬ್ಬರೂ ಒಂದೇ ಪುಟ್ಟ ಹಡಗುಗಳ ಗುಂಪಿನಿಂದ ಬಂದವರು!

ಮೆಡಿಟರೇನಿಯನ್ ಸಮುದ್ರದ ಪಶ್ಚಿಮ ಬಾಯಲ್ಲಿರುವ ಜಿಬ್ರಾಲ್ಟರನ್ನು ಡಿಕೇಟರ್ ಮುಟ್ಟಿದ್ದು ಅಕ್ಟೋಬರ್ 20ಕ್ಕೆ. ಅಲ್ಲಿಂದ ಒಂದು ವರ್ಷಕ್ಕೂ ಜಾಸ್ತಿ ಒಂದೇ ಕೆಲಸ: ಸರಕು ಹಡಗುಗಳ ಗುಂಪಿಗೆ ಬೆಂಗಾವಲು, ಮತ್ತೆ ವಾಪಸ್, ಕಲ್ಲಿದ್ದಲು ತುಂಬಿಸು, ಮತ್ತೆ ಹೊರಡು. ಅದು ಒಂದೂ ಸಬ್‌ಮರೀನ್ ಮುಳುಗಿಸಲಿಲ್ಲ. ಇದನ್ನು ಸೋಲು ಅಂತ ಓದಬೇಡಿ. ಬೆಂಗಾವಲಿನ ಕೆಲಸ ಸಬ್‌ಮರೀನನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಅದನ್ನು ನೀರಿನೊಳಗೇ ಕೂರಿಸುವುದು. ಆ ಕಾಲದ ಸಬ್‌ಮರೀನ್ ಮುಳುಗಿದ್ದಾಗ ಬ್ಯಾಟರಿ ಮೇಲೆ ತೆವಳುತ್ತಿತ್ತು. ಅದು ತಲೆ ಎತ್ತದ ಹಾಗೆ ನೋಡಿಕೊಂಡರೆ ಸರಕು ಹಡಗು ದಾಟಿಹೋಗುತ್ತದೆ. ಹೊಲ ಕಾಯುವವನು ರಾತ್ರಿಯೆಲ್ಲ ತಮಟೆ ಬಡಿಯುತ್ತಾನೆ, ಹಂದಿ ಬರುವುದಿಲ್ಲ. ಎಷ್ಟು ಹಂದಿ ಹೊಡೆದೆ ಅಂತ ಅವನನ್ನು ಕೇಳುತ್ತೇವಾ?

ಅಪಾಯ ಶತ್ರುವಿನಿಂದ ಮಾತ್ರ ಇರಲಿಲ್ಲ. ಸಬ್‌ಮರೀನ್ ಭಯಕ್ಕೆ ಎಲ್ಲ ಹಡಗುಗಳೂ ದೀಪ ಆರಿಸಿಕೊಂಡು ಓಡುತ್ತಿದ್ದವು. ರಡಾರ್ ಇಲ್ಲದ ಕಾಲ. 1917ರ ನವೆಂಬರ್ 19, ರಾತ್ರಿ ಒಂದೂ ಮುಕ್ಕಾಲು. ಜಿಬ್ರಾಲ್ಟರ್‌ನಿಂದ ಸುಮಾರು 110 ಮೈಲಿ ಪಶ್ಚಿಮದಲ್ಲಿ, ಕತ್ತಲಲ್ಲಿ ಬರುತ್ತಿದ್ದ ಬ್ರಿಟಿಷ್ ಸರಕು ಹಡಗು ರೋಸ್‌ಗೂ ಡಿಕೇಟರ್‌ನ ಒಡಹುಟ್ಟು ಚಾನ್ಸಿಗೂ ಡಿಕ್ಕಿಯಾಯಿತು. ಒಂದೂವರೆ ಗಂಟೆಯಲ್ಲಿ ಚಾನ್ಸಿ ಮುಳುಗಿತು. ಕ್ಯಾಪ್ಟನ್ ವಾಲ್ಟರ್ ರೀನೊ ಸೇರಿ 21 ಜನ ಹೋದರು. 70 ಜನರನ್ನು ಎತ್ತಿಕೊಂಡದ್ದು ಅದೇ ರೋಸ್. ಲೆಕ್ಕ ಹಾಕಿ ನೋಡಿ, 91 ಜನ. 75 ಜನರಿಗೆ ಕಟ್ಟಿದ ಹಡಗಿನಲ್ಲಿ! ಡಿಕೇಟರ್ ಒಳಗೂ ಹೆಚ್ಚುಕಡಿಮೆ ಹೀಗೇ ತುರುಕಿರಬೇಕು. ಎರಡೇ ದಿನ ಮುಂಚೆ, ನವೆಂಬರ್ 17ರಂದು, ಐರ್ಲೆಂಡ್ ಕಡೆಯ ಕಡಲಿನಲ್ಲಿ ಫ್ಯಾನಿಂಗ್ ಮತ್ತು ನಿಕೋಲ್ಸನ್ ಎಂಬ ಹೊಸ ಡಿಸ್ಟ್ರಾಯರ್‌ಗಳು ಯು-58 ಸಬ್‌ಮರೀನನ್ನು ಕೆಡವಿದ್ದವು. ಅಮೆರಿಕದ ಡಿಸ್ಟ್ರಾಯರ್‌ಗಳಿಗೆ ಅದೇ ಮೊದಲ ಬೇಟೆ. ಪುಸ್ತಕಗಳಲ್ಲಿ ಆ ಗೆಲುವಿಗೆ ಪುಟಗಟ್ಟಲೆ ಜಾಗ, ಚಾನ್ಸಿಗೆ ಒಂದು ಸಾಲು. ನನಗೆ ಇದು ಸರಿ ಕಾಣುವುದಿಲ್ಲ.

1918ರ ನವೆಂಬರ್‌ನಲ್ಲಿ ಯುದ್ಧ ನಿಂತಿತು. ಡಿಸೆಂಬರ್ 8ರವರೆಗೂ ಡಿಕೇಟರ್ ಅಲ್ಲೇ ಇತ್ತು. ಫಿಲಡೆಲ್ಫಿಯಾ ಮುಟ್ಟಿದ್ದು 1919ರ ಫೆಬ್ರವರಿ 6ಕ್ಕೆ. ಹೊರಟದ್ದು 1903ರ ಡಿಸೆಂಬರ್, ನೆನಪಿದೆಯಲ್ಲ? 15 ವರ್ಷ. ತಾಯ್ನಾಡಿನ ತೀರ ಕಾಯಲು ಕಟ್ಟಿದ ಹಡಗು ತನ್ನ 17 ವರ್ಷದ ಸೇವೆಯಲ್ಲಿ 15 ವರ್ಷ ಆ ತೀರವನ್ನೇ ನೋಡಲಿಲ್ಲ. ಹತ್ತಿದ ನಾವಿಕರು, ಇಳಿದ ನಾವಿಕರು ಎಷ್ಟೋ ಜನ. ಹಡಗು ಮಾತ್ರ ಅಲ್ಲೇ. ಡಿಕೇಟರ್ ಬಗ್ಗೆ ಒಂದೇ ಸಾಲು ಬರೆಯಬೇಕೆಂದರೆ ನಾನು ಬರೆಯುವುದು ಇದನ್ನು, ಕೆಸರನ್ನಲ್ಲ. 1919ರ ಜೂನ್ 20ಕ್ಕೆ ಸೇವೆಯಿಂದ ತೆಗೆದರು. 1920ರ ಜನವರಿ 3ಕ್ಕೆ ಗುಜರಿಗೆ ಮಾರಿದರು, ಬೇನ್‌ಬ್ರಿಡ್ಜ್ ಕೂಡ ಅದೇ ದಿನ. ಹೆಸರು ಮುಂದೆ ಬೇರೆ ಹಡಗುಗಳಿಗೆ ಹೋಯಿತು. ಈಗ ಅಮೆರಿಕದ ನೌಕಾಪಡೆಯಲ್ಲಿರುವ ಡಿಕೇಟರ್ 1998ರಲ್ಲಿ ಸೇರಿದ ಕ್ಷಿಪಣಿ ಡಿಸ್ಟ್ರಾಯರ್. ಮಾದರಿಗೆ ಫೋಟೊ ಹುಡುಕುವಾಗ ಇವು ಬೆರಕೆಯಾಗುತ್ತವೆ, ಜೋಪಾನ.

ಇನ್ನು ಮೂತಿ ಮೇಲಿನ ಬರಹ. ‘ಡಿಡಿ’ ಅಕ್ಷರ ಹಾಕಿ ನಂಬರ್ ಕೊಡುವ ಪದ್ಧತಿ ಅಮೆರಿಕದ ನೌಕಾಪಡೆಯಲ್ಲಿ ಶುರುವಾದದ್ದು 1920ರ ಜುಲೈನಲ್ಲಿ. ಡಿಕೇಟರ್ ಮಾರಾಟವಾಗಿ ಆಗಲೇ ಆರು ತಿಂಗಳು. ಅದು ಬದುಕಿದ್ದಾಗ ಕಾಗದದಲ್ಲಿ ಇದ್ದದ್ದು ‘ಟಾರ್ಪಿಡೊ ಬೋಟ್ ಡಿಸ್ಟ್ರಾಯರ್ ನಂಬರ್ 5’. ಡಿಡಿ-5 ಎನ್ನುವುದು ಆಮೇಲಿನವರು ಪಟ್ಟಿ ಮಾಡುವ ಅನುಕೂಲಕ್ಕೆ ಅಂಟಿಸಿದ್ದು. ಹಾಗಾಗಿ ಆ ಎರಡು ಅಕ್ಷರ ಬರೆಯಬೇಡಿ. ಅದರ ಬದಲು ಡೆಕ್ ಮೇಲೆ ಒಂದು ಪುಟ್ಟ ಮಂಚ ಮಾಡಿ ಇಡಿ.